ಗೋಂದು ಹಚ್ಚಿದ ಹಾಳೆಗಳು

ಬೀದಿದೀಪಕ್ಕಾಗಿ ಅರ್ಜಿ ಬರೆದು ಇವತ್ತು ಮನೆಮನೆಗೆ ಹೋಗಿದ್ದೆ. ಸಹಿಗೆ ಜಾಗ ಸಾಲಲಿಲ್ಲ. ಇನ್ನೊಂದು ಹಾಳೆ ತಂದು ಗೋಂದು ಹಚ್ಚಿ ಅಂಟಿಸಿದೆ.

ಆಗ ಕೇಟ್ ಶೆಪರ್ಡ್ ನೆನಪಾದರು.

1893, ನ್ಯೂಜಿಲೆಂಡ್. ಆಗಿನ್ನೂ ಅದು ಬ್ರಿಟಿಷ್ ವಸಾಹತು. ಹೆಂಗಸರಿಗೂ ಮತ ಬೇಕು ಅಂತ ಊರೂರಿಂದ ಸಹಿ ಹಾಕಿದ ಹಾಳೆಗಳು ಬಂದವು. ಕೇಟ್ ಅವನ್ನೆಲ್ಲ ಒಂದಕ್ಕೊಂದು ಅಂಟಿಸಿದರು. 546 ಹಾಳೆ! 270 ಮೀಟರಿಗಿಂತ ಜಾಸ್ತಿ ಉದ್ದ. ಅಷ್ಟನ್ನೂ ಸುತ್ತಿದ್ದು ಒಂದು ಪೊರಕೆ ಕೋಲಿಗೆ.

ಹೆಂಗಸರು ತಾವೇ ಸದನದೊಳಗೆ ಹೋಗಿ ಕೊಡುವಂತಿರಲಿಲ್ಲ. ಯಾರಾದರೂ ಸದಸ್ಯರು ಮಂಡಿಸಬೇಕು. ಸರ್ ಜಾನ್ ಹಾಲ್ ಆ ಸುರುಳಿಯನ್ನು ಸದನದ ನಡುವೆ ಉರುಳಿಸಿಬಿಟ್ಟರಂತೆ. ಅದು ಬಿಚ್ಚಿಕೊಳ್ಳುತ್ತಾ ಹೋಗಿ ಎದುರಿನ ಗೋಡೆಗೆ ಧಡ್ ಅಂತ ಬಡಿಯಿತಂತೆ.

ಆ ಸದ್ದು ನನಗೆ ತುಂಬಾ ಇಷ್ಟ. ಅರ್ಜಿ ಅಂದರೆ ಕಡತದೊಳಗೆ ಸುಮ್ನೆ ಮಲಗುವ ಕಾಗದ ಅಲ್ವಾ? ಅವತ್ತು ಅದು ಎದ್ದು ಓಡಿತ್ತು.

1891ರಲ್ಲಿ ಕೊಟ್ಟಿದ್ದರು, ಆಗಲಿಲ್ಲ. 1892ರಲ್ಲೂ ಆಗಲಿಲ್ಲ. ಮೂರನೇ ಸಲ ಎಲ್ಲ ಅರ್ಜಿ ಸೇರಿ ಸುಮಾರು 32,000 ಸಹಿ. ಎರಡು ಸಲ ಸೋತ ಮೇಲೂ ಮತ್ತೆ ಬಾಗಿಲು ತಟ್ಟಿ "ಇಲ್ಲೊಂದು ಸಹಿ ಹಾಕಿ" ಅಂದವರು ಅವರು. ಆ ವರ್ಷ ಸೆಪ್ಟೆಂಬರ್ 19ಕ್ಕೆ ಕಾಯ್ದೆ ಆಯಿತು.

ಆ ಸುರುಳಿ ಈಗಲೂ ವೆಲ್ಲಿಂಗ್ಟನ್‌ನಲ್ಲಿದೆ. ಒಮ್ಮೆ ಹೋಗಿ ನೋಡಬೇಕು.

ನಮ್ಮದಕ್ಕೆ ಇನ್ನೂ ಆರು ಮನೆ ಬಾಕಿ. ಗೋಂದು ಒಣಗಲಿ, ಹೊರಡುತ್ತೇನೆ.