ಚೊಕ್ಕ ಕೆಲಸ ಮಾಡುವವರಿಗೆ ಒರಟು ಕೆಲಸ ಕಲಿಸುವುದು

ಹಾಳಾದ ಹೊಳೆ ದಂಡೆ, ಒಣಗಿದ ಜೌಗು ನೆಲ, ಗಣಿ ಮುಗಿದ ಗುಡ್ಡ. ಇಂಥ ಜಾಗಗಳನ್ನು ಮತ್ತೆ ಹಳೆಯ ಸ್ಥಿತಿಗೆ ತರುವ ಕೆಲಸಗಳಲ್ಲಿ ನಾನು ಸೈಟ್ ಮೇಲ್ವಿಚಾರಕ. ಎಕ್ಸ್‌ಕವೇಟರ್, ಟಿಪ್ಪರ್, ಗಿಡ ನೆಡುವ ತಂಡ, ಕಳೆ ಕೀಳುವ ತಂಡ, ಎಲ್ಲರೂ ಒಂದೇ ಜಾಗದಲ್ಲಿ. ದೂರದಿಂದ ನೋಡಿದರೆ ಬೇರೆ ಯಾವುದೇ ಮಣ್ಣಿನ ಕೆಲಸದ ಹಾಗೇ ಕಾಣುತ್ತದೆ. ತೊಂದರೆ ಶುರುವಾಗುವುದೂ ಅಲ್ಲೇ. ನಮ್ಮ ಆಪರೇಟರ್‌ಗಳಲ್ಲಿ ಹೆಚ್ಚಿನವರು ರಸ್ತೆ, ಕಾಲುವೆ, ಲೇಔಟ್ ಕೆಲಸದಲ್ಲಿ ಪಳಗಿದವರು. ಅಲ್ಲಿ ಒಳ್ಳೆಯ ಕೆಲಸ ಅಂದರೆ ಸಮ, ನುಣುಪು, ಗಟ್ಟಿ. ಇಲ್ಲಿ ಈ ಮೂರೂ ಬಹಳ ಸಲ ಗಿಡಕ್ಕೆ ಶತ್ರು.

"ಸರ್, ಹೀಗೇ ಬಿಟ್ಟುಬಿಡೋದಾ? ಅರ್ಧಂಬರ್ಧ ಕೆಲಸ ಅಂತಾರೆ ನೋಡಿದವರು." ಈ ಮಾತು ಪ್ರತಿ ಸೈಟಿನಲ್ಲೂ ಬರುತ್ತದೆ. ಇಳಿಜಾರಿನ ಮೇಲೆ ಬಕೆಟ್ಟಿನ ಹಿಂಬದಿಯಿಂದ ಒಂದು ಸಲ ಒರೆಸಿಬಿಡಬೇಕು ಅಂತ ಆಪರೇಟರ್ ಕೈ ತುಡಿಯುತ್ತಿರುತ್ತದೆ. ಹಾಗೆ ಒರೆಸಿದರೆ ಮಣ್ಣಿನ ಬಾಯಿ ಮುಚ್ಚುತ್ತದೆ. ಮಳೆ ನೀರು ಇಂಗುವುದಿಲ್ಲ, ಮೇಲಿಂದ ಓಡುತ್ತದೆ, ಬಿತ್ತಿದ ಬೀಜವನ್ನೂ ಹೊತ್ತುಕೊಂಡು ಹೋಗುತ್ತದೆ. ಗುಂಡಿ, ಹೆಂಟೆ, ಏರುತಗ್ಗು ಇದ್ದರೆ ನೀರು ಅಲ್ಲಲ್ಲೇ ನಿಲ್ಲುತ್ತದೆ, ಬೀಜಕ್ಕೆ ಆಸರೆ ಸಿಗುತ್ತದೆ. "ಒರೆಸಬೇಡಿ" ಎಂದು ಹತ್ತು ಸಲ ಹೇಳುವುದರಿಂದ ಪ್ರಯೋಜನವಿಲ್ಲ. ಕೆಲಸ ಶುರು ಮಾಡುವ ದಿನವೇ ಒಂದು ಸಣ್ಣ ತುಂಡನ್ನು ನುಣುಪಾಗಿ, ಪಕ್ಕದ ತುಂಡನ್ನು ಒರಟಾಗಿ ಮಾಡಿಸುತ್ತೇನೆ. ಎರಡರ ಮೇಲೂ ನೀರು ಸುರಿಸಿ ಎಲ್ಲರನ್ನೂ ಕರೆದು ತೋರಿಸುತ್ತೇನೆ. ನುಣುಪಾದ ಕಡೆಯಿಂದ ಕೆಂಪು ನೀರು ಕೆಳಗೆ ಇಳಿಯುವುದನ್ನು ಕಣ್ಣಾರೆ ನೋಡಿದ ಆಪರೇಟರ್‌ಗೆ ಮತ್ತೆ ಹೇಳಬೇಕಾಗುವುದಿಲ್ಲ. ಒರಟು ತುಂಡು ಕೆಲಸ ಮುಗಿಯುವ ತನಕ ಮಾದರಿಯಾಗಿ ಅಲ್ಲೇ ಇರುತ್ತದೆ. ಡ್ರಾಯಿಂಗಿನಲ್ಲಿ ಈ ಒರಟನ್ನು ಬರೆದು ತೋರಿಸುವುದು ಕಷ್ಟ, ಅಲ್ವಾ.

ಆದರೆ ಒರಟು ಅಂದರೆ ಲೆಕ್ಕವಿಲ್ಲದ್ದು ಎಂದಲ್ಲ. ತಂಡಕ್ಕೆ ಅರ್ಥ ಮಾಡಿಸಲು ಎಲ್ಲಕ್ಕಿಂತ ಕಷ್ಟವಾದ ಮಾತು ಇದೇ. ಜೌಗು ನೆಲದಲ್ಲಿ 10-15 ಸೆಂ.ಮೀ. ಎತ್ತರ ಹೆಚ್ಚು ಕಡಿಮೆಯಾದರೆ ನೀರು ನಿಲ್ಲುವ ಕಾಲವೇ ಬದಲಾಗುತ್ತದೆ, ಅದರೊಂದಿಗೆ ಅಲ್ಲಿ ಬದುಕುವ ಗಿಡಗಳೂ ಬದಲಾಗುತ್ತವೆ. ಹಾಗಾಗಿ ತಳದ ಮಟ್ಟವನ್ನು ಲೇಸರ್ ಲೆವೆಲ್ ಇಟ್ಟು ಕರಾರುವಾಕ್ಕಾಗಿ ನೋಡಬೇಕು, ಮೇಲ್ಮೈಯನ್ನು ಮಾತ್ರ ಒರಟಾಗಿ ಬಿಡಬೇಕು. ಲೆವೆಲ್ ಪರೀಕ್ಷೆಯನ್ನು ಯಂತ್ರ ಆ ಜಾಗದಲ್ಲಿ ಇರುವಾಗಲೇ ಮುಗಿಸಿಕೊಳ್ಳಬೇಕು. ಗಿಡ ನೆಟ್ಟ ಮೇಲೆ ತಪ್ಪು ಕಂಡರೆ ಯಾರೂ ಯಂತ್ರವನ್ನು ಒಳಗೆ ಬಿಡಲು ಒಪ್ಪುವುದಿಲ್ಲ, ಒಪ್ಪಲೂಬಾರದು.

ಹೊಳೆಯನ್ನು ಸೊಟ್ಟಗೆ ಹರಿಸುವುದು ಯಾಕೆ ಅಂತಲೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆಗ ಅಮೆರಿಕದ ಫ್ಲಾರಿಡಾದ ಕಿಸಿಮ್ಮೀ ನದಿಯ ಕಥೆ ಹೇಳುತ್ತೇನೆ. ಅಂಕುಡೊಂಕಾಗಿ ಸುಮಾರು 166 ಕಿ.ಮೀ. ಹರಿಯುತ್ತಿದ್ದ ನದಿಯನ್ನು 1962ರಿಂದ 1971ರ ಹೊತ್ತಿಗೆ ಸುಮಾರು 90 ಕಿ.ಮೀ. ಉದ್ದದ ನೇರ ಕಾಲುವೆ ಮಾಡಿದರು. ಉದ್ದೇಶ ನೆರೆ ತಡೆಯುವುದು. ಅಕ್ಕಪಕ್ಕದ ಜೌಗು ನೆಲ ಒಣಗಿತು, ನೀರುಹಕ್ಕಿಗಳು ಬಿಟ್ಟುಹೋದವು. ಆಮೇಲೆ 1999ರಿಂದ 2021ರವರೆಗೆ ಅದೇ ಕಾಲುವೆಯ ಸುಮಾರು 35 ಕಿ.ಮೀ. ಭಾಗವನ್ನು ಮಣ್ಣು ತುಂಬಿ ಮುಚ್ಚಿ, ನೀರನ್ನು ಹಳೆಯ ತಿರುವುಗಳಿಗೆ ಮರಳಿಸಿದರು. ತೋಡಿದ್ದಕ್ಕಿಂತ ಮುಚ್ಚಲು ಜಾಸ್ತಿ ವರ್ಷ ಹಿಡಿಯಿತು ಅಂದಾಗ ಆಪರೇಟರ್‌ಗಳು ನಗುತ್ತಾರೆ. ಆದರೆ ತಿರುವು ತೋಡುವಾಗ ಕೈ ತಡೆದು ಕೆಲಸ ಮಾಡುತ್ತಾರೆ.

ಮಣ್ಣು ಗಟ್ಟಿಯಾಗುವ ವಿಷಯದಲ್ಲಿ ಮಾತ್ರ ನಾನು ವಿವರಣೆಗೆ ಹೋಗುವುದಿಲ್ಲ, ನೇರ ಕಟ್ಟಪ್ಪಣೆ. ಯಂತ್ರ ಓಡಾಡಲು ದಾರಿ ಗುರುತು ಮಾಡಿರುತ್ತದೆ, ಅದರಿಂದ ಆಚೆ ಚಕ್ರ ಇಳಿಯಬಾರದು. ಒದ್ದೆ ನೆಲವಾದರೆ ಇನ್ನೂ ಕಟ್ಟುನಿಟ್ಟು. ಮೇಲ್ಮಣ್ಣನ್ನು ಬೇರೆಯಾಗಿಯೇ ತೆಗೆದು, ಎತ್ತರದ ಗುಡ್ಡೆ ಮಾಡದೆ ತಗ್ಗಾಗಿ ಹರಡಿಡಬೇಕು. ದೊಡ್ಡ ಗುಡ್ಡೆಯ ಒಳಗೆ ಗಾಳಿಯಾಡದೆ ಮಣ್ಣಿನ ಜೀವಿಗಳೂ ಬೀಜಗಳೂ ಸಾಯುತ್ತವೆ.

ಗಿಡ ನೆಡುವ ತಂಡದ ಕಥೆ ಬೇರೆ. ಅವರಿಗೆ ಗಿಡದ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಗಿಡಗಳ ಸಂಖ್ಯೆ ಬರುತ್ತದೆ, ಗಿಡ ಬರುವುದಿಲ್ಲ. ಗುಂಡಿ ಚಿಕ್ಕದಾಗುತ್ತದೆ, ಬೇರು ಮೇಲಕ್ಕೆ ಮಡಚಿಕೊಳ್ಳುತ್ತದೆ, ಕಾಂಡ ಮಣ್ಣಿನೊಳಗೆ ಹೂತುಹೋಗುತ್ತದೆ. ನೆಟ್ಟ ದಿನ ಎಲ್ಲವೂ ಹಸಿರಾಗಿ ಚೆನ್ನಾಗಿಯೇ ಕಾಣುತ್ತದೆ, ತಪ್ಪು ತಿಳಿಯಲು ತಿಂಗಳುಗಳು ಬೇಕು. ಅಷ್ಟರಲ್ಲಿ ತಂಡ ಇನ್ನೊಂದು ಸೈಟಿನಲ್ಲಿರುತ್ತದೆ. ಅವರನ್ನು ಬೈದು ಫಲವಿಲ್ಲ. ಹಾಗೆ ನೆಡುವಂತೆ ಮಾಡಿದ್ದು ನಾವು ಕೂಲಿ ಗೊತ್ತು ಮಾಡಿದ ರೀತಿ. ನನ್ನ ಕೈಯಲ್ಲಿದ್ದರೆ ದಿನಗೂಲಿಯೇ. ಗುತ್ತಿಗೆದಾರ ಗಿಡದ ಲೆಕ್ಕವನ್ನೇ ಹಿಡಿದರೆ, ನೆಟ್ಟ ಗಿಡಗಳಲ್ಲಿ ಕೆಲವನ್ನು ಆ ದಿನವೇ, ತಂಡದ ಎದುರಿಗೇ ಕಿತ್ತು ಬೇರು ನೋಡುತ್ತೇನೆ. ಯಾವುದನ್ನು ಕೀಳುತ್ತೇನೆ ಅಂತ ಮೊದಲೇ ಹೇಳುವುದಿಲ್ಲ. ಬೇರು ಮಡಚಿದ್ದರೆ ಆ ಸಾಲು ಮತ್ತೆ ನೆಡಬೇಕು. ಇದನ್ನು ಬೆಳಗ್ಗೆಯೇ ಹೇಳಿಬಿಟ್ಟಿರಬೇಕು. ಸಂಜೆ ಹೇಳಿದರೆ ಅದು ಜಗಳ.

ದಂಡೆಗೆ ನೆಡುವ, ಮಣ್ಣಿನಲ್ಲಿ ಬೇರು ಬಿಡುವ ಹಸಿ ಕಡ್ಡಿಗಳಲ್ಲಿ ಇನ್ನೊಂದು ತಾಪತ್ರಯ. ಎಲೆ ಇಲ್ಲದ ಕಡ್ಡಿಯಲ್ಲಿ ತಲೆ ಯಾವುದು ಬುಡ ಯಾವುದು ಅಂತ ಅವಸರದಲ್ಲಿ ತಿಳಿಯುವುದಿಲ್ಲ. ಮೊಗ್ಗಿನ ತುದಿ ಮೇಲ್ಮುಖವಾಗಿರಬೇಕು. ಕತ್ತರಿಸುವಾಗಲೇ ಬುಡವನ್ನು ಓರೆಯಾಗಿ, ತಲೆಯನ್ನು ನೇರವಾಗಿ ಕತ್ತರಿಸಿದರೆ ಮುಗಿಯಿತು, ಚೂಪಾದ ಕಡೆ ಮಣ್ಣಿಗೆ. ಮೂರರಲ್ಲಿ ಎರಡು ಭಾಗಕ್ಕಿಂತ ಜಾಸ್ತಿ ಒಳಗಿರಬೇಕು, ಬುಡ ತೇವಕ್ಕೆ ಮುಟ್ಟಬೇಕು. ನೆಲ ಗಟ್ಟಿಯಿದ್ದರೆ ಮೊದಲು ಕಬ್ಬಿಣದ ಸರಳಿನಿಂದ ತೂತು ಮಾಡಿಕೊಳ್ಳಬೇಕು. ಸುತ್ತಿಗೆಯಿಂದ ಬಡಿದು ತಲೆ ಸೀಳಿದ ಕಡ್ಡಿ ಒಣಗುವುದೇ ಹೆಚ್ಚು. ಕಾಯರ್ ಮ್ಯಾಟ್, ಅಂದರೆ ಮಣ್ಣು ಕೊಚ್ಚಿಹೋಗದಂತೆ ಹಾಕುವ ತೆಂಗಿನ ನಾರಿನ ಚಾಪೆ, ಹಾಸುವುದೂ ಇದೇ ತಂಡದ ಕೆಲಸ. ಹೆಂಚು ಹೊದಿಸಿದ ಹಾಗೆ, ನೀರು ಬರುವ ಕಡೆಯ ಮ್ಯಾಟಿನ ಅಂಚು ಮುಂದಿನ ಮ್ಯಾಟಿನ ಮೇಲೆ ಬರಬೇಕು. ಉಲ್ಟಾ ಆದರೆ ನೀರು ಅಡಿಗೆ ನುಗ್ಗಿ ಮ್ಯಾಟನ್ನೇ ಎತ್ತುತ್ತದೆ. ಬಿಗಿಯಾಗಿ ಎಳೆದು ಕಟ್ಟಿದರೂ ಕಷ್ಟ, ಯಾಕೆಂದರೆ ಅದು ಮಣ್ಣಿಗೆ ಅಂಟಿ ಕೂರಬೇಕು.

ಕೆಲಸ ನಿಲ್ಲಿಸುವ ಅಧಿಕಾರ ನನ್ನೊಬ್ಬನ ಬಳಿ ಇದ್ದರೆ ಸಾಲದು. ಹೊಳೆಯಲ್ಲಿ ಕೆಸರು ನೀರು ಹೊರಟರೆ ಮೊದಲು ಕಾಣುವುದು ಕೆಳಗೆ ನಿಂತವರಿಗೆ, ನನಗಲ್ಲ. ಅಲ್ಲಿರುವವರು ಯಾರೇ ಕೈ ಎತ್ತಲಿ, ಯಂತ್ರ ನಿಲ್ಲಬೇಕು. ಸುಮ್ನೆ ನಿಲ್ಲಿಸಿದ ಅಂತ ಯಾರೂ ರೇಗಬಾರದು. ಒಂದು ಸಲ ರೇಗಿದರೆ ಮುಂದೆ ಯಾರೂ ಕೈ ಎತ್ತುವುದಿಲ್ಲ.

ಕಡೆಗೆ ಬರುವವರು ಕಳೆ ತಂಡ. ಅವರಿಗೆ ಹಿಂದಿನ ಮಾತುಕತೆ ಯಾವುದೂ ಗೊತ್ತಿರುವುದಿಲ್ಲ. ನಾವು ಬಿತ್ತಿದ ಹುಲ್ಲಿನ ಎಳೆ ಮೊಳಕೆಗೂ ಕಳೆಯ ಮೊಳಕೆಗೂ ನೋಡಲು ವ್ಯತ್ಯಾಸ ಕಡಿಮೆ. ಕೈ ಚುರುಕಾದಷ್ಟೂ ಬೇಕಾದ ಗಿಡವೇ ಜಾಸ್ತಿ ಹೋಗುತ್ತದೆ. ಅದಕ್ಕೆ ಕುಂಡಗಳಲ್ಲಿ ಅದೇ ವಯಸ್ಸಿನ ಮೊಳಕೆಗಳನ್ನು ಬೆಳೆಸಿ, ಕೀಳಬೇಕಾದವು ಒಂದು ಕಡೆ, ಉಳಿಸಬೇಕಾದವು ಇನ್ನೊಂದು ಕಡೆ ಇಟ್ಟು, ಮುಟ್ಟಿ ನೋಡಲು ಹೇಳುತ್ತೇನೆ. ಗೊತ್ತಾಗದ ಗಿಡ ಸಿಕ್ಕರೆ ಕೀಳಬೇಡಿ, ಪಕ್ಕದಲ್ಲಿ ಒಂದು ಬಾವುಟ ನೆಟ್ಟು ಮುಂದೆ ಹೋಗಿ ಎನ್ನುತ್ತೇನೆ. ಮೊದಲ ದಿನ ಸೈಟ್ ತುಂಬ ಬಾವುಟಗಳೇ. ವಾರ ಕಳೆಯುವಷ್ಟರಲ್ಲಿ ಬಾವುಟ ಕಡಿಮೆಯಾಗುತ್ತವೆ, ನನ್ನನ್ನು ಕೂಗುವುದೂ ಕಡಿಮೆಯಾಗುತ್ತದೆ.