ನನ್ನ ಪಾಲು ಎಷ್ಟಿತ್ತು?

ಕಳೆದ ಸೋಮವಾರ ನೋಂದಣಿ ಕಚೇರಿಯಲ್ಲಿ ಬೆರಳಚ್ಚಿನ ಯಂತ್ರ ನಮ್ಮ ಸೋದರತ್ತೆಯ ಹೆಬ್ಬೆರಳನ್ನು ಮೂರು ಸಲ ತಿರಸ್ಕರಿಸಿತು. ಸಸಿ ಕಿತ್ತು, ನಾಟಿ ಮಾಡಿ, ಕಳೆ ತೆಗೆದು ಸವೆದ ಬೆರಳದು. ಸೆರಗಿನಿಂದ ಒರೆಸಿ ನಾಲ್ಕನೆಯ ಸಲ ಒತ್ತಿದಾಗ ಹಕ್ಕು ಬಿಡುಗಡೆ ಪತ್ರದ ಕೆಲಸ ಮುಗಿಯಿತು. ಎದ್ದು ನಿಂತ ಅತ್ತೆ, ಪತ್ರ ಬರೆದುಕೊಟ್ಟವರನ್ನು ಕೇಳಿದರು: "ಇದ್ರಾಗ ನನ್ನ ಪಾಲು ಎಷ್ಟಿತ್ರೀ?"

"ಹನ್ನೆರಡು ಎಕರೆದಾಗ ನಾಲ್ಕು ಬರ್ತಿತ್ತಮ್ಮಾ."

"ಹೌದಾ? ನಾಲ್ಕೆಕರೆ?"

ಆ 'ಇತ್ತು' ಎಂಬ ಮಾತು ವಾರವಿಡೀ ನನ್ನ ಬೆನ್ನು ಬಿಟ್ಟಿಲ್ಲ. ಒತ್ತುವ ಮೊದಲು ಕೇಳಿದ್ದರೆ 'ಐತಿ' ಎನ್ನಬೇಕಾಗುತ್ತಿತ್ತು.

ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ ಇಸವಿಗಳೆಲ್ಲ ಬಾಯಿಪಾಠ. ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕಿನ ಕಾಯ್ದೆ ಬಂದಾಗ ನಮ್ಮ ಕೊಪ್ಪಳ ಸೀಮೆ ನಿಜಾಮರ ಹೈದರಾಬಾದಿಗೆ ಸೇರಿತ್ತು. ಹಿಂದೂ ಸಂಹಿತೆಯ ಮಸೂದೆ ನೆನೆಗುದಿಗೆ ಬಿದ್ದದ್ದೇ ಮುಖ್ಯ ಕಾರಣವಾಗಿ ಅಂಬೇಡ್ಕರರು 1951ರಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟರು. 1956ರ ಉತ್ತರಾಧಿಕಾರ ಕಾಯ್ದೆ ಮಗಳನ್ನು ತಂದೆಯ ವಾರಸುದಾರಳೆಂದು ಒಪ್ಪಿತಾದರೂ, ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು ಗಂಡುಮಕ್ಕಳಿಗೇ ಉಳಿಸಿತು. ಕರ್ನಾಟಕ 1994ರಲ್ಲಿ ಆ ಹಕ್ಕನ್ನು ಹೆಣ್ಣುಮಕ್ಕಳಿಗೂ ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. ಅತ್ತೆಯ ಮದುವೆಯಾಗಿ ಆಗಲೇ 12 ವರ್ಷ ಕಳೆದಿತ್ತು. ಬಾಗಿಲು ತೆರೆದದ್ದು 2005ರ ತಿದ್ದುಪಡಿಯಿಂದ. ಅಜ್ಜ ತೀರಿಕೊಂಡದ್ದು ಹೋದ ವರ್ಷ. ಅಪ್ಪ, ಚಿಕ್ಕಪ್ಪ, ಅತ್ತೆ, ಮೂವರಿಗೂ ಸರಿಪಾಲು.

ಇಷ್ಟೆಲ್ಲ ತಿಳಿದ ನಾನು ಅತ್ತೆಗೆ ಮುಂಚೆ ಒಂದು ಮಾತೂ ಹೇಳಲಿಲ್ಲ. ಅವರು ಬಿಟ್ಟುಕೊಟ್ಟದ್ದರಲ್ಲಿ ಅರ್ಧ ಅಪ್ಪನ ಹೆಸರಿಗೆ ಬರುತ್ತದೆ ಎನ್ನುವುದನ್ನು ಬಿಟ್ಟರೆ ನನ್ನ ಮೌನಕ್ಕೆ ಬೇರೆ ಕಾರಣ ಹುಡುಕಿದರೂ ಸಿಗುತ್ತಿಲ್ಲ. ಅಪ್ಪ ಕೆಟ್ಟವರಲ್ಲ; ತಂಗಿಯ ಕಾಯಿಲೆಗೆ ಸಾಲ ಮಾಡಿ ಖರ್ಚು ಮಾಡಿದವರು, ಅಂದು ಬೆಳಿಗ್ಗೆ ಇಳಕಲ್ ಸೀರೆಯನ್ನೂ ಉಡಿಸಿ ಕರೆತಂದಿದ್ದರು. ಸಾಲ ಮಾಡಿ ಕೊಡಬಲ್ಲ ಅಣ್ಣನಿಗೆ ಪಾಲು ಕೊಡುವುದು ಏಕೆ ಹೊಳೆಯುವುದಿಲ್ಲವೋ! ಚಿಕ್ಕಪ್ಪನ ವಿಷಯ ಬರೆಯದಿರುವುದೇ ಒಳ್ಳೆಯದು.

ಸುಮ್ಮನಿರಲಾರದೆ, ಹೊರಗೆ ಚಹಾ ಕುಡಿಯುವಾಗ, "ಯಾಕ ಬಿಟ್ಟುಕೊಟ್ಟಿ ಅತ್ತಿ?" ಎಂದೆ.

"ಪಂಚಮಿಗೆ ಕರಿಯಾಕ ಬರಬೇಕಲ್ಲವ್ವಾ ಅವ್ರು," ಎಂದರು. ನಲವತ್ತು ವರ್ಷ ತಪ್ಪದೆ ಬಂದ ಆ ಕರೆ, ಉಂಡಿಯ ಡಬ್ಬಿ, ಜೋಕಾಲಿ, ಇವುಗಳಿಗೆ ನಾಲ್ಕು ಎಕರೆಯ ಬೆಲೆಯಿದೆ ಎಂದು ಅತ್ತೆಗೆ ಯಾರೂ ಬಾಯಿಬಿಟ್ಟು ಹೇಳಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಪಾಲು ಕೇಳಿದ ಹೆಣ್ಣುಮಕ್ಕಳಿಗೆ ತವರಿನ ಬಾಗಿಲು ಮುಚ್ಚಿದ್ದನ್ನು ನಮ್ಮ ಓಣಿಯಲ್ಲೇ ಅವರು ನೋಡಿದ್ದಾರೆ. ಅದು ಯಾವ ಕಾಯ್ದೆಯ ಕೈಗೂ ಸಿಗುವಂಥದ್ದಲ್ಲ.

ಬಸ್ಸಿನಲ್ಲಿ ಬಹಳ ಹೊತ್ತು ಸುಮ್ಮನಿದ್ದ ಅತ್ತೆ, ಮುಂದಿನ ಸೀಟಿನಲ್ಲಿದ್ದ ಅಪ್ಪನಿಗೆ ಕೇಳಿಸದಂತೆ ನನ್ನತ್ತ ಬಾಗಿದರು.

"ಆ ನಾಲ್ಕೆಕರೆ, ಕಾಲುವಿ ಕಡೀದು ಬರ್ತಿತ್ತೋ, ಗುಡ್ಡದ ಕಡೀದೋ?"

ಕಾಲುವೆ ಕಡೆಯ ಗದ್ದೆಯಲ್ಲಿ ಮದುವೆಗೆ ಮುಂಚೆ ಐದು ವರ್ಷ ಅವರೇ ನಾಟಿ ಮಾಡಿದ್ದರು.