ಕೇಬಲ್ ನೋಟ್‌ಬುಕ್, ಆರನೇ ವಾರ: ಎರಡು ಪೆಟ್ಟಿಗೆಗಳ ಪುಟ

ಹೊಸಬರಿಗೆ ಒಂದು ಮಾತು. ಗುಟ್ಟಿನ ಕಾಗದಗಳನ್ನು ಬಯಲು ಮಾಡುವ ವಿಕಿಲೀಕ್ಸ್ ಸಂಸ್ಥೆ 2010–11ರಲ್ಲಿ ಹೊರಗೆ ಹಾಕಿದ ಅಮೆರಿಕದ ರಾಯಭಾರ ಕಚೇರಿಗಳ ವರದಿಗಳಲ್ಲಿ, ಅಂದರೆ ಕೇಬಲ್‌ಗಳಲ್ಲಿ, ಭಾರತದ್ದನ್ನು ಓದಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಎಡಪುಟದಲ್ಲಿ ಕೇಬಲ್, ಬಲಪುಟದಲ್ಲಿ ಅದಕ್ಕೆ ಜನ ಏನಂದರು ಅನ್ನೋದು. ಇಲ್ಲಿಯವರೆಗೆ 140 ಆಗಿವೆ.

ಈ ವಾರ ಪೂರ್ತಿ ಒಂದೇ ಕೇಬಲ್‌ಗೆ ಹೋಯಿತು. 2008ರ ಜುಲೈ 17ರದ್ದು. ಅಮೆರಿಕದ ಜೊತೆಗಿನ ಅಣು ಒಪ್ಪಂದದ ಗಲಾಟೆಯಲ್ಲಿ ಮನಮೋಹನ್ ಸಿಂಗ್ ಸರ್ಕಾರ ವಿಶ್ವಾಸಮತ ಗೆಲ್ಲುವುದಕ್ಕೆ ಐದು ದಿನ ಮುಂಚೆ ದೆಹಲಿಯಿಂದ ಹೋದದ್ದು. ಸಂಸದರ ಮತ ಕೊಳ್ಳಲೆಂದು ಇಟ್ಟಿದ್ದ ಹಣದ ಎರಡು ಪೆಟ್ಟಿಗೆಗಳನ್ನು ಕಾಂಗ್ರೆಸ್ ನಾಯಕರೊಬ್ಬರ ಸಹಾಯಕರು ರಾಯಭಾರ ಕಚೇರಿಯ ಸಿಬ್ಬಂದಿಯೊಬ್ಬರಿಗೆ ತೋರಿಸಿದರು ಎಂದು ಅದರಲ್ಲಿದೆ. ‘ದಿ ಹಿಂದೂ’ ಅದನ್ನು 2011ರ ಮಾರ್ಚ್ 17ರಂದು ಅಚ್ಚು ಮಾಡಿತು. ಅವತ್ತೇ ಸಂಸತ್ತಿನಲ್ಲಿ ಕೋಲಾಹಲ. ಮರುದಿನ ಪ್ರಧಾನಿ ಹೇಳಿಕೆ ಕೊಟ್ಟು, ಕೇಬಲ್‌ನಲ್ಲಿ ಇರುವುದು ನಿಜವೇ ಎಂದು ಸರ್ಕಾರ ಖಚಿತಪಡಿಸಲಾಗದು ಎಂದರು. ಹೆಸರು ಬಂದವರು ಅಲ್ಲಗಳೆದರು.

ಬಲಪುಟ ತುಂಬಿಸುವಾಗ ಅಪ್ಪನನ್ನು ಕೇಳಿದೆ. "ಇದೆಲ್ಲ ಗೊತ್ತಿದ್ದದ್ದೇ ಬಿಡು" ಅಂದರು. ಆಗಲೂ ಸುಮಾರು ಜನ ಹೀಗೇ ಅಂದಿದ್ದರಂತೆ. ಈ ಮಾತೇ ನನ್ನನ್ನು ಕಾಡುತ್ತಿದೆ. ಕಟ್ಟೆಯ ಮೇಲೆ ಕೂತು ಆಡುವ ಮಾತಿಗೆ ಯಾರೂ ಉತ್ತರ ಕೊಡಬೇಕಿಲ್ಲ. ತಾರೀಖು, ನಂಬರ್ ಸಮೇತ ಕಾಗದ ಸಿಕ್ಕಾಗ ಪ್ರಧಾನಿಯೇ ಎದ್ದು ನಿಲ್ಲಬೇಕಾಯಿತು, ಅಲ್ವಾ?

ಒಂದು ತಿದ್ದುಪಡಿ. ಮೊದಲ 40 ಟಿಪ್ಪಣಿಗಳಲ್ಲಿ ಕೇಬಲ್‌ನ ಕೊನೆಯ ಸಾಲಿನ ಹೆಸರನ್ನೇ ಬರೆದವರ ಹೆಸರು ಎಂದು ಹಾಕಿದ್ದೆ. ತಪ್ಪು. ಯಾರೇ ಬರೆದರೂ ಅದು ಕಚೇರಿಯ ಮುಖ್ಯಸ್ಥರ ಹೆಸರಿನಲ್ಲೇ ಹೋಗುತ್ತದೆ. ಎಲ್ಲವನ್ನೂ ಹೊಡೆದು ಮತ್ತೆ ಬರೆದೆ. ಕೆಲವು ಹೆಸರುಗಳ ಪಕ್ಕ ‘ಸ್ಟ್ರಿಕ್ಟ್‌ಲಿ ಪ್ರೊಟೆಕ್ಟ್’, ಅಂದರೆ ಈ ಹೆಸರನ್ನು ಕಟ್ಟುನಿಟ್ಟಾಗಿ ಗುಟ್ಟಾಗಿಡಿ, ಎಂದಿರುತ್ತದೆ. 2011ರ ಸೆಪ್ಟೆಂಬರ್‌ನಲ್ಲಿ ಅವೂ ಬಯಲಾದವು. ನನ್ನ ನೋಟ್‌ಬುಕ್‌ನಲ್ಲಿ ಮಾತ್ರ ಆ ಜಾಗ ಖಾಲಿ ಬಿಟ್ಟಿದ್ದೇನೆ. ನಂಬಿ ಮಾತಾಡಿದ ಸಾಮಾನ್ಯರ ಹೆಸರು ನನಗೆ ಬೇಡ.

ಇನ್ನೊಂದು ಲೆಕ್ಕ. ಒಟ್ಟು 2,51,287 ಕೇಬಲ್‌ಗಳಲ್ಲಿ ‘ಸೀಕ್ರೆಟ್’ ಮುದ್ರೆ ಇದ್ದದ್ದು 15,652ಕ್ಕೆ. ಅರ್ಧಕ್ಕಿಂತ ಜಾಸ್ತಿ, 1,33,887 ಕೇಬಲ್‌ಗಳಿಗೆ ಗುಟ್ಟಿನ ಮುದ್ರೆಯೇ ಇರಲಿಲ್ಲ. ಆದರೂ ಅವೆಲ್ಲ ಒಂದೇ ಬೀಗದೊಳಗೆ ಇದ್ದವು.

ಇದೇ ಮಾತುಕತೆಗಳ ಬಗ್ಗೆ ನಮ್ಮ ವಿದೇಶಾಂಗ ಇಲಾಖೆಯವರು ಬರೆದುಕೊಂಡ ಕಡತಗಳನ್ನೂ ಪಕ್ಕದಲ್ಲಿಟ್ಟು ಓದುವ ಆಸೆ ನನಗೆ. ಅದಕ್ಕೆ ಅಡ್ಡವಾಗಿ 1923ರ ಅಧಿಕೃತ ರಹಸ್ಯ ಕಾಯ್ದೆ ಇನ್ನೂ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 8ನೇ ಸೆಕ್ಷನ್ ವಿದೇಶ ಸಂಬಂಧಕ್ಕೆ ಧಕ್ಕೆ ತರುವ ಮಾಹಿತಿಯನ್ನು ಕೊಡದಿರಲು ವಿನಾಯಿತಿ ಕೊಡುತ್ತದೆ. ಆದರೆ ಜನರ ಹಿತ ದೊಡ್ಡದಾದರೆ ಕೊಡಬಹುದು ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಆ ಸಾಲು ಹಿಡಿದು ಒಂದು ಅರ್ಜಿ ಬರೆಯುತ್ತಿದ್ದೇನೆ.

ಮುಂದಿನ ವಾರ ಚೆನ್ನೈ ಕಾನ್ಸುಲೇಟ್, ಅಂದರೆ ಅಮೆರಿಕ ರಾಯಭಾರ ಕಚೇರಿಯ ಚೆನ್ನೈ ಶಾಖೆಯ ಕೇಬಲ್‌ಗಳು. ಆಗ ಕರ್ನಾಟಕ ಬರುತ್ತಿದ್ದದ್ದು ಅದರ ವ್ಯಾಪ್ತಿಗೇ. 2008ರ ಮೇ ತಿಂಗಳ ವಿಧಾನಸಭಾ ಚುನಾವಣೆಯಿಂದ ಶುರು ಮಾಡುತ್ತೇನೆ.